ಸ್ಟಾಫ್ ಡಿಸ್ಕೌಂಟ್ ಯಾರ ಸೊತ್ತು?

ಓದುವ ಭಾಗ: ಲೂಕ 16:1-13

ಕರ್ತನಲ್ಲಿ ಪ್ರಿಯ ಯೌವನಸ್ಥರೇ, ನಿಮ್ಮಲ್ಲಿ ಅನೇಕರು ಮಾಲ್‌ಗಳಲ್ಲಿ, ಶೋರೂಮ್‌ಗಳಲ್ಲಿ ಕೆಲಸ ಮಾಡ್ತೀರಿ. ಬಿಲ್ ಹಾಕುವಾಗ ಕಸ್ಟಮರ್ ಹತ್ರ ದುಡ್ಡು ಸಾಲದೆ ಹೋದ್ರೆ ನಿಮ್ಮ ಸ್ಟಾಫ್ ಡಿಸ್ಕೌಂಟ್ ಹಾಕಿಬಿಡ್ತೀರಿ. "ಬ್ರದರ್, ಇದು ಸಹಾಯ ತಾನೇ?" ಅಂತ ನನ್ನನ್ನು ಕೇಳ್ತೀರಿ.

ಈ ಮನೆವಾರ್ತೆಯವನನ್ನು ನೋಡಿ. 100 ಅಳತೆ ಎಣ್ಣೆಯ ಸಾಲವನ್ನು 50 ಮಾಡಿಸಿದ, 100 ಅಳತೆ ಗೋದಿಯನ್ನು 80 ಮಾಡಿಸಿದ. ಸಾಲಗಾರರಿಗೆ ಖುಷಿ! ಆದರೆ ಬಿಟ್ಟುಕೊಟ್ಟದ್ದು ಯಜಮಾನನ ಸೊತ್ತು. ಹಾಗಾದ್ರೆ ಯಜಮಾನ ಯಾಕೆ ಹೊಗಳಿದ? ಮುಂದಿನ ದಿನಕ್ಕಾಗಿ ಯೋಚಿಸಿದ ಜಾಣತನಕ್ಕೆ. ಅದೇ 8ನೇ ವಚನ ಅವನನ್ನು ಅನ್ಯಾಯಗಾರ ಅಂತಲೂ ಕರೆಯುತ್ತೆ. 10 ಮತ್ತು 12ನೇ ವಚನಗಳಲ್ಲಿ ಯೇಸು ಸ್ವಾಮಿ ಸ್ವಲ್ಪದರಲ್ಲೂ, ಬೇರೆಯವರ ಸೊತ್ತಿನಲ್ಲೂ ನಂಬಿಗಸ್ತಿಕೆ ಕೇಳ್ತಾರೆ.

ಮನೆಯವರಿಗೆ, ಗೆಳೆಯರಿಗೆ ಕೊಡಬಹುದು ಅಂತ ಕಂಪನಿಯ ರೂಲ್ ಇದ್ದರೆ ಧಾರಾಳವಾಗಿ ಕೊಡಿ. ಇಲ್ಲದಿದ್ದರೆ ಕೆಲಸವೂ ಹೋಗಬಹುದು, ಸಾಕ್ಷಿಯೂ ಕೆಡುತ್ತೆ.

ಹಾಗಾದ್ರೆ ಕರುಣೆ ಬೇಡವೇ? ಬೇಕು! ನಡೀತಿರೋ ಆಫರ್ ತಿಳಿಸಿ. ಕಡಿಮೆ ಬೆಲೆಯದ್ದನ್ನು ತೋರಿಸಿ. ಮ್ಯಾನೇಜರ್‌ನ ಕೇಳಿ ನೋಡಿ. ಮನಸ್ಸು ಕರಗಿದ್ರೆ ನಿಮ್ಮ ಜೇಬಿಂದ 100 ರೂಪಾಯಿ ಹಾಕಿ. ಆ ದಾನ ನಿಮ್ಮದು, ಕರ್ತನು ಅದನ್ನು ಮರೆಯುವುದಿಲ್ಲ. ಆಮೆನ್.