ಎಯುಆರ್‌ನಿಂದ ತರುವುದಾದರೆ ಓದಿ ತನ್ನಿ

ಪ್ಯಾಕ್‌ಮನ್‌ನಲ್ಲಿ ನಿಮಗೆ ಬೇಕಾದ ಪ್ಯಾಕೇಜ್ ಸಿಗುತ್ತಿಲ್ಲ ಎಂದು ಬರೆದಿದ್ದೀರಿ. ಮೊದಲು ‘ಸುಡೊ ಪ್ಯಾಕ್‌ಮನ್ -ಎಸ್‌ವೈಯು’ (ಎಸ್ ಮಾತ್ರ ದೊಡ್ಡಕ್ಷರ) ಕೊಟ್ಟು ಇಡೀ ಆರ್ಚ್ ಲಿನಕ್ಸನ್ನು ಅಪ್‌ಡೇಟ್ ಮಾಡಿ ನೋಡಿ. ಬರೀ ‘-ಎಸ್‌ವೈ’ ಕೊಟ್ಟು ಒಂದೇ ಪ್ಯಾಕೇಜ್ ಹಾಕಿಕೊಳ್ಳುವ ಚಾಳಿ ಬೇಡ. ಅರ್ಧಂಬರ್ಧ ಅಪ್‌ಡೇಟ್ ಆದ ಸಿಸ್ಟಂ ಯಾವಾಗ ಕೈಕೊಡುತ್ತದೋ ಹೇಳಲಾಗದು.

ಆಗಲೂ ಸಿಗದಿದ್ದರೆ ಎಯುಆರ್ (ಆರ್ಚ್ ಯೂಸರ್ ರೆಪೊಸಿಟರಿ) ಇದೆ. ಅಲ್ಲಿರುವುದು ಸಿದ್ಧ ತಂತ್ರಾಂಶವಲ್ಲ, ಪ್ಯಾಕೇಜ್ ಕಟ್ಟುವ ಬಗೆಯನ್ನು ಬಳಕೆದಾರರು ಬರೆದಿಟ್ಟ ‘ಪಿಕೆಜಿಬಿಲ್ಡ್’ ಕಡತಗಳು. ಗಿಟ್ ಕ್ಲೋನ್ ಮಾಡಿ, ಆ ಕಡತವನ್ನು ತೆರೆದು ಓದಿ. ‘ಸೋರ್ಸ್’ ಸಾಲಿನಲ್ಲಿರುವ ವಿಳಾಸ ಮೂಲ ಯೋಜನೆಯದ್ದೇ? ಅಪರಿಚಿತ ಜಾಗದಿಂದ ಏನನ್ನೋ ಇಳಿಸಿಕೊಳ್ಳುತ್ತಿದ್ದರೆ ಅಲ್ಲಿಗೇ ಬಿಟ್ಟುಬಿಡಿ. 2025ರ ಜುಲೈಯಲ್ಲಿ ಎಯುಆರ್‌ನಲ್ಲಿದ್ದ, ಫೈರ್‌ಫಾಕ್ಸ್ ಹೆಸರು ಹೊತ್ತ ಪ್ಯಾಕೇಜೊಂದರಲ್ಲೇ ಕುತಂತ್ರಾಂಶ ಸಿಕ್ಕಿತ್ತು.

ಎಲ್ಲ ಸರಿಯಿದ್ದರೆ ‘ಮೇಕ್‌ಪಿಕೆಜಿ -ಎಸ್‌ಐ’ (ಎರಡೂ ಚಿಕ್ಕಕ್ಷರ) ಕೊಟ್ಟು ಪ್ಯಾಕೇಜ್ ಕಟ್ಟಿ ಹಾಕಿಕೊಳ್ಳಿ. ಅದರ ಮುಂದೆ ಸುಡೊ ಸೇರಿಸಬೇಡಿ. ಸೇರಿಸಿದರೂ ಅದು ಒಪ್ಪುವುದಿಲ್ಲ.