ಬೆಂಕಿ ಆರಿಸುವವರ ಅಹವಾಲು ಕೇಳುವವರು ಯಾರು?



ಬಿರುಬೇಸಿಗೆಯ ಮಧ್ಯಾಹ್ನ ಅಫಜಲಪುರ ತಾಲೂಕಿನ ಅತನೂರಿನಲ್ಲಿ ಕಣಕಿಯ ಬಣವೆಗೋ ಕಬ್ಬಿನ ಹೊಲಕ್ಕೋ ಕಿಡಿ ತಾಗಿತೆನ್ನಿ. ಯಾರನ್ನು ಕರೆಯುತ್ತೇವೆ? ಅಗ್ನಿಶಾಮಕದವರನ್ನು. ತಡವಾದರೆ ಬಯ್ಯುತ್ತೇವೆ. ಅವರ ಪಾಳಿ ಎಷ್ಟು ತಾಸಿನದು, ಬೂಟು ಸವೆದಿದೆಯೇ ಎಂದು ಕೇಳಿದ್ದುಂಟೇ? ಅವರಾದರೂ ಅದನ್ನು ಯಾರ ಮುಂದೆ ಹೇಳಿಕೊಳ್ಳಬೇಕು?

ಇಲ್ಲಿ ನೋಂದಣಿ, ಮಾನ್ಯತೆ ಎಂಬ ಎರಡು ಮಾತುಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. 1926ರ ಕಾರ್ಮಿಕ ಸಂಘಗಳ ಕಾಯಿದೆಯಂತೆ ಏಳು ಜನ ಸೇರಿ ಸಂಘವನ್ನು ನೋಂದಾಯಿಸಬಹುದಿತ್ತು. ಆದರೆ ಆ ಸಂಘದೊಡನೆ ಕುಳಿತು ಮಾತಾಡಲೇಬೇಕೆಂದು ಆ ಕಾಯಿದೆ ಮಾಲೀಕನಿಗೆ ವಿಧಿಸಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಮಾನ್ಯತೆಗೆ ದಾರಿ ತೋರಿದೆ: ಹಲವು ಸಂಘಗಳಿದ್ದಲ್ಲಿ, ಶೇಕಡ 51ರಷ್ಟು ಕಾರ್ಮಿಕರ ಬೆಂಬಲವುಳ್ಳ ಸಂಘ ಎಲ್ಲರ ಪರವಾಗಿ ಮಾತುಕತೆ ನಡೆಸುತ್ತದೆ.

ನಮ್ಮ ಅಗ್ನಿಶಾಮಕರ ಸ್ಥಿತಿ ಬೇರೆ. 1947ರ ಕೈಗಾರಿಕಾ ವಿವಾದಗಳ ಕಾಯಿದೆ ಪೊಲೀಸರನ್ನು ಕಾರ್ಮಿಕರ ಲೆಕ್ಕದಿಂದ ಬಿಟ್ಟಿತ್ತು. ಅಗ್ನಿಶಾಮಕ ಸೇವೆಯನ್ನಾದರೋ ತನ್ನ ಮೊದಲ ಅನುಸೂಚಿಯಲ್ಲಿ ಹೆಸರಿಸಿತ್ತು. ಆದರೂ ಕರ್ನಾಟಕದ ಅಗ್ನಿಶಾಮಕರು 1964ರ ಅಗ್ನಿಶಾಮಕ ದಳ ಕಾಯಿದೆಗೆ ಒಳಪಟ್ಟ ಸಮವಸ್ತ್ರಧಾರಿ ಸರ್ಕಾರಿ ನೌಕರರು. ಅವರ ಸಂಬಳ ಗೊತ್ತಾಗುವುದು ಸಂಘದೊಡನೆ ಆದ ಒಪ್ಪಂದದಿಂದಲ್ಲ, ಸರ್ಕಾರದ ಆದೇಶದಿಂದ.

2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರ ಸಂಘ ಮುಷ್ಕರ ಹೂಡಿದ ದಿನವೇ ಸರ್ಕಾರ ಮೂಲವೇತನದ ಮೇಲೆ ಶೇಕಡ 17 ಮಧ್ಯಂತರ ಪರಿಹಾರ ನೀಡಿತು. ಕಡತಗಳು ಒಂದು ದಿನ ಕಾಯಬಲ್ಲವು. ಬೆಂಕಿ ಕಾದೀತೇ?

ಅಮೆರಿಕದ ಟೆಕ್ಸಾಸ್ ರಾಜ್ಯ 1973ರಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡಿತು. ಅಲ್ಲಿ ಊರಿನ ಮತದಾರರು ಮತ ಹಾಕಿ ಒಪ್ಪಿದರೆ, ಬಹುಪಾಲು ಅಗ್ನಿಶಾಮಕರು ಆರಿಸಿಕೊಂಡ ಸಂಘದೊಡನೆ ನಗರಾಡಳಿತ ಮಾತುಕತೆಗೆ ಕೂರಲೇಬೇಕು. ಮುಷ್ಕರ ಮಾತ್ರ ನಿಷಿದ್ಧ. ಅಂದರೆ, ಕೆಲಸ ನಿಲ್ಲಿಸುವ ಹಕ್ಕಿಲ್ಲದವರಿಗೆ ಮಾತಾಡುವ ಹಕ್ಕು.

ಧರ್ಮಸಭೆಯ ಬೋಧನೆಯೂ ಇದಕ್ಕೆ ಹತ್ತಿರದ್ದೇ. ಕಾರ್ಮಿಕರು ಸಂಘ ಕಟ್ಟಿಕೊಳ್ಳುವುದು ಅವರ ಸಹಜ ಹಕ್ಕೆಂದು ಜಗದ್ಗುರು ಹದಿಮೂರನೆಯ ಲಿಯೋರವರು 1891ರಲ್ಲೇ ಸಾರಿದರು. ಜಗದ್ಗುರು ಎರಡನೆಯ ಜಾನ್ ಪೌಲರು 1981ರ ತಮ್ಮ ವಿಶ್ವಪತ್ರದಲ್ಲಿ ಆ ಹಕ್ಕನ್ನು ಎತ್ತಿಹಿಡಿದು, ಜನರಿಗೆ ಅತ್ಯಗತ್ಯವಾದ ಸೇವೆಗಳು ಮಾತ್ರ ನಿಲ್ಲಬಾರದೆಂದರು. ನಮಗಾಗಿ ಅವರು ಮುಷ್ಕರವನ್ನು ಬಿಟ್ಟುಕೊಡಬೇಕಾದರೆ, ಅವರ ಅಹವಾಲು ಕೇಳಿಸುವ ಹೊಣೆಯೂ ನಮ್ಮದಲ್ಲವೇ?

ಈ ವಾರ ಊಟದ ಹೊತ್ತಿನಲ್ಲಿ ಮಕ್ಕಳೊಡನೆ ಮಾತಾಡಿ: ನಮ್ಮ ಮನೆಗೆ ಬೆಂಕಿ ಬಿದ್ದರೆ ಓಡಿ ಬರುವವರಿಗಾಗಿ ನಾವು ಯಾರ ಬಳಿ ಒಂದು ಮಾತು ಆಡಬಲ್ಲೆವು?