ಕರುವಿನ ತೂಕ: ತಾಯಿಯದೋ, ತಂದೆಯದೋ?

ಕಳೆದ ತಿಂಗಳು ನಮ್ಮ ಕಾವೇರಿ ಮೊದಲನೇ ಕರು ಹಾಕಿತು. ಕಾವೇರಿ ಮಲೆನಾಡು ಗಿಡ್ಡ ಜಾತಿಯ ಕಡಸು. ಹುಟ್ಟುವ ಹೆಣ್ಣುಗರು ಮುಂದೆ ಜಾಸ್ತಿ ಹಾಲು ಕೊಡಲಿ ಅಂತ ಅಪ್ಪಯ್ಯ ಜರ್ಸಿ ಇಂಜೆಕ್ಷನ್ ಕೊಡಿಸಿದ್ದರು. ಸಂಜೆ ನೋವು ಶುರುವಾಗಿ ಮುಂಗಾಲು ಎರಡೂ ಕಂಡವು, ತಲೆ ಬರಲೇ ಇಲ್ಲ. ರಾತ್ರಿ ದನದ ಡಾಕ್ಟ್ರು ಬಂದು ಕಾಲಿಗೆ ಹಗ್ಗ ಕಟ್ಟಿ ಎಳೆದರು. ಗಂಡುಗರು! ಬದುಕಿತು. ಕಾವೇರಿ ಮಾತ್ರ ಎರಡು ದಿನ ಏಳಲಿಲ್ಲ. ಅಮ್ಮ ಕೊಟ್ಟಿಗೆಯಲ್ಲೇ ಮಲಗಿದ್ದರು.

ಯಾಕೆ ಹೀಗಾಯ್ತು ಅಂತ ವಿಜ್ಞಾನದ ಮೇಷ್ಟ್ರನ್ನು ಕೇಳಿ ಇದನ್ನು ಬರೆದಿದ್ದೇನೆ.

ಹಸು ಗಬ್ಬ ಹೊರುವುದು ಸುಮಾರು 9 ತಿಂಗಳು 10 ದಿನ. ಹುಟ್ಟಿದ ಕರುವಿನ ತೂಕ ಹೆಚ್ಚುಕಡಿಮೆ ತಾಯಿಯ ತೂಕದ ಹದಿನೈದರಲ್ಲಿ ಒಂದು ಪಾಲು. 600 ಕೆಜಿಯ ಎಚ್.ಎಫ್. ಹಸುವಿನ ಕರು 40 ಕೆಜಿ. 400 ಕೆಜಿಯ ಜರ್ಸಿಯ ಕರು 25 ಕೆಜಿ ಹತ್ತಿರ. ನಮ್ಮ ಗಿಡ್ಡ ನೂರು ನೂರಿಪ್ಪತ್ತು ಕೆಜಿ. ಅದರ ಕರು ಎಂಟೊಂಬತ್ತು ಕೆಜಿ ಅಷ್ಟೇ, ನಾನೇ ಎತ್ತಿಕೊಂಡು ಓಡಬಹುದು.

ತಂದೆ ದೊಡ್ಡದು, ತಾಯಿ ಸಣ್ಣದು ಆದರೆ? ಇದನ್ನು ಇಂಗ್ಲೆಂಡಿನಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿಜ್ಞಾನಿಗಳು ಕುದುರೆಗಳಲ್ಲಿ ನೋಡಿ 1938ರಲ್ಲಿ ಪ್ರಕಟಿಸಿದರು. ಶೈರ್ ಅಂದರೆ ಭಾರ ಎಳೆಯುವ ದೈತ್ಯ ಕುದುರೆ, ಶೆಟ್‌ಲ್ಯಾಂಡ್ ಅಂದರೆ ಕುಳ್ಳ ಕುದುರೆ. ಶೈರ್ ತಾಯಿ, ಶೆಟ್‌ಲ್ಯಾಂಡ್ ತಂದೆಗೆ ಹುಟ್ಟಿದ ಮರಿ, ಶೆಟ್‌ಲ್ಯಾಂಡ್ ತಾಯಿ, ಶೈರ್ ತಂದೆಗೆ ಹುಟ್ಟಿದ ಮರಿಗಿಂತ ಸುಮಾರು ಮೂರು ಪಟ್ಟು ತೂಕ ಇತ್ತು! ಎರಡರಲ್ಲೂ ಜಾತಿ ಅರ್ಧ ಅರ್ಧವೇ. ಆದರೆ ಹೊಟ್ಟೆಯಲ್ಲಿ ಜಾಗ, ಆಹಾರ ಕೊಡೋದು ತಾಯಿ ತಾನೇ. ಸಣ್ಣ ತಾಯಿ ಮರಿ ಬೆಳೆಯೋದನ್ನು ತಡೆದು ಹಿಡಿಯುತ್ತದೆ.

ದನದಲ್ಲಿಯೂ ತಡೆಯುತ್ತದೆ, ಆದರೆ ಪೂರ್ತಿ ಆಗೋದಿಲ್ಲ. ತಂದೆಯ ಪಾಲು ಬಂದೇ ಬರುತ್ತದೆ. ಗಂಡುಗರು ಹೆಣ್ಣುಗರಿಗಿಂತ ತೂಕ ಹೆಚ್ಚು. ಮೊದಲ ಸೂಲಿನ ಕಡಸಿಗೆ ಸೊಂಟದ ಎಲುಬಿನ ದಾರಿಯೂ ಕಿರಿದು. ಕಾವೇರಿಗೆ ಮೂರೂ ಒಟ್ಟಿಗೇ ಬಂತು.

ಮೇಷ್ಟ್ರು ಕರುವನ್ನು ತೂಗಿದೆಯಾ ಅಂತ ಕೇಳಿದ್ದರು. ಹುಟ್ಟಿದ ಮರುದಿನವೇ ತೂಗಿದ್ದೆವು. ಕರು ಸುಮ್ಮನೆ ನಿಲ್ಲಬೇಕಲ್ಲ! ಅಪ್ಪಯ್ಯ ಅದನ್ನು ಎತ್ತಿಕೊಂಡು ಅಡಿಕೆ ತೂಗುವ ತಕ್ಕಡಿ ಮೇಲೆ ನಿಂತರು, 68 ಕೆಜಿ. ಬರೀ ಅಪ್ಪಯ್ಯ 54. ಹಾಗಾದರೆ ಕರು 14. ಗಿಡ್ಡ ಕರುವಿಗಿಂತ ಐದು ಕೆಜಿ ಜಾಸ್ತಿ, ಜರ್ಸಿ ಕರುವಿಗಿಂತ 11 ಕೆಜಿ ಕಮ್ಮಿ. ತಾಯಿ ಕಡೆಗೇ ವಾಲಿದೆ. ಆದರೂ ಆ ಐದು ಕೆಜಿಗೇ ಕಾವೇರಿ ಸಾಯೋ ಹಾಗಾಗಿತ್ತು.

ಮೊದಲ ಸೂಲಿಗೆ ಗಿಡ್ಡ ಹೋರಿಯೇ ಸಾಕು ಅಂತ ಅಜ್ಜಯ್ಯ ಆಗಲೇ ಹೇಳಿದ್ದರು. ಈಗ ಇನ್ನೊಂದು ಕಡಸು ತುಂಗೆ ಬೆದೆಗೆ ಬರಬೇಕು. ಹೋರಿ ಯಾರ ಮನೆಯಲ್ಲಿದೆ ಅಂತ ಅಪ್ಪಯ್ಯ ವಿಚಾರಿಸ್ತಿದ್ದಾರೆ.

ನಿಮ್ಮ ಮನೆಯಲ್ಲಿ ಹಸು ಕರು ಹಾಕಿದರೆ ಮರುದಿನದೊಳಗೆ ತೂಗಿ, ತಾಯಿ ಯಾವ ಜಾತಿ, ತಂದೆ ಯಾವ ಜಾತಿ ಅಂತ ಚೀಟಿಯಲ್ಲಿ ಬರೆದು ನನಗೆ ಕೊಡಿ. ಮುಂದಿನ ಸಂಚಿಕೆಗೆ ಬೇಕು.

– 7ನೇ ತರಗತಿ